ಗೋವಾ ಕಾಡು ನೋಡಲು ಬರುವ ಬಸುಗೆ ಒಂದು ಪತ್ರ

ವಾಸ್ಕೋ

ಪ್ರೀತಿಯ ಬಸು,

ನಿನ್ನ ಮೆಸೇಜು ಬಂತು. ಜನವರಿ ಕೊನೆಗೆ ವೈನಿ, ಮಗಳು, ಅವ್ವ ಎಲ್ಲರನ್ನೂ ಕರೆದುಕೊಂಡು ಪುಣೆಯಿಂದ ಬರುತ್ತೀಯ. ಬೀಚು ಬಹಳ ಸಲ ಆಯಿತು, ಈ ಸಲ ಕಾಡು ನೋಡಬೇಕು ಅಂದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಆದರೆ ಕೊನೆಯಲ್ಲಿ "ಕಲಂಗೂಟ್ ಕಡೆ ಒಂದು ಒಳ್ಳೆ ರೆಸಾರ್ಟ್ ಹೇಳು, ಪೂರ್ತಿ ವಾರ ಅಲ್ಲೇ ಇದ್ದು ದಿನಾ ಕಾರಲ್ಲಿ ಓಡಾಡುತ್ತೇವೆ" ಅಂತ ಬರೆದಿದ್ದೀಯಲ್ಲ, ಅದು ಬೇಡ ಅಂತ ಹೇಳುವುದಕ್ಕೇ ಈ ಪತ್ರ. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳುತ್ತಿರುತ್ತಾರೆ. ಅದಕ್ಕೆ ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ.

ಗೋವಾದ ಕಾಡು ಕಬಿನಿಯಂತಲ್ಲ ಬಸು. ಇಲ್ಲಿ ಜೀಪಿನಲ್ಲಿ ಕೂತು ಬಯಲಲ್ಲಿ ನಿಂತ ಆನೆ ಹಿಂಡು ನೋಡುವ ಹಾಗಿಲ್ಲ. ಮರ ದಟ್ಟ, ನೆಲ ಏರುತಗ್ಗು. ಪ್ರಾಣಿಗಳು ಹತ್ತು ಹೆಜ್ಜೆ ಆಚೆ ಇದ್ದರೂ ಕಾಣುವುದಿಲ್ಲ. ಕಾಣುವುದೆಲ್ಲ ಬೆಳಗಿನ ಮೊದಲ ಎರಡು ತಾಸು ಮತ್ತು ಕತ್ತಲಾದ ಮೇಲೆ. ಕಲಂಗೂಟ್‌ನಿಂದ ಕಾಡಿರುವ ಮೊಲ್ಲೆಮ್‌ಗೆ ಒಂದೂವರೆ ತಾಸಿಗಿಂತ ಜಾಸ್ತಿ ಹಾದಿ. ಮಗಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ ಹೊರಡುವಷ್ಟರಲ್ಲಿ ಕಾಡು ತನ್ನ ಕೆಲಸ ಮುಗಿಸಿ ನೆರಳು ಸೇರಿರುತ್ತದೆ. ಎಲ್ಲಿ ಮಲಗುತ್ತೀರಿ ಅನ್ನುವುದರ ಮೇಲೆಯೇ ಏನು ನೋಡುತ್ತೀರಿ ಅನ್ನುವುದು ನಿಂತಿದೆ. ಹಾಗಾಗಿ ಒಂದೇ ಹೋಟೆಲು ಬೇಡ. ಎರಡೆರಡು ರಾತ್ರಿಗೆ ಜಾಗ ಬದಲಿಸಿ. ಬ್ಯಾಗು ಕಟ್ಟುವ ರಗಳೆ ಇದೆ, ಒಪ್ಪುತ್ತೇನೆ. ಆದರೆ ಪ್ರತಿ ಜಾಗದ ಕಿಟಕಿ ಆಚೆ ಇರುವ ಜೀವಗಳೇ ಬೇರೆ.

ಪುಣೆಯಿಂದ ಬರುವಾಗ ಬೆಳಗಾವಿಯಲ್ಲಿ ಊಟ ಮಾಡಿ, ಖಾನಾಪುರ, ರಾಮನಗರ ದಾಟಿ ಅನಮೋಡ ಘಾಟ್ ಇಳಿಯಿರಿ. ಇಳಿದ ಕೂಡಲೇ ಸಿಗುವುದು ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಮ್ ರಾಷ್ಟ್ರೀಯ ಉದ್ಯಾನ, ಎರಡೂ ಸೇರಿ 240 ಚದರ ಕಿಲೋಮೀಟರ್. ದೂಧ್‌ಸಾಗರ್ ಇರುವುದೂ ಇದರೊಳಗೇ. ಹೆದ್ದಾರಿ ಪಕ್ಕದ ಲಾಡ್ಜುಗಳು ಅಗ್ಗ, ಊಟವೂ ಪರವಾಗಿಲ್ಲ, ಆದರೆ ರಾತ್ರಿ ಇಡೀ ಲಾರಿ ಸದ್ದು. ದಣಿದು ಬಂದ ಒಂದು ರಾತ್ರಿಗೆ ಸಾಕು, ಕಾಡಿಗೆ ಅಂತ ಬಂದವರಿಗೆ ಅಲ್ಲ.

ಅಲ್ಲಿಂದ ಒಳಗೆ, ತಾಂಬ್ಡಿ ಸುರ್ಲಾ ಕಡೆ, ಹಕ್ಕಿ ನೋಡುವವರಿಗೆ ಅಂತಲೇ ಇರುವ ಸಣ್ಣ ಕಾಟೇಜುಗಳಿವೆ. ನಿಮ್ಮ ಮೊದಲ ಎರಡು ರಾತ್ರಿ ಅಲ್ಲೇ ಆಗಲಿ. ಹಂಚಿನ ಮಾಡು, ಮಂಚಕ್ಕೆ ಸೊಳ್ಳೆ ಪರದೆ, ಬಕೆಟಿನಲ್ಲಿ ಬಿಸಿನೀರು. ಟಿವಿ ಇಲ್ಲ, ಮೊಬೈಲಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಫೋನ್‌ಪೇ ನಂಬಿ ಹೋಗಬೇಡ, ನಗದು ಇಟ್ಟುಕೋ. ನಾನು ಉಳಿದ ಕಡೆ ಅಡುಗೆಯವರು ಜೋಯಿಡಾದವರು. ಕನ್ನಡದ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಬೆಳಿಗ್ಗೆ ಐದೂವರೆಗೆ ಚಹಾ ಮಾಡಿಕೊಟ್ಟರು. ಇದು ಸಣ್ಣ ವಿಷಯ ಅಲ್ಲ. ದೊಡ್ಡ ಹೋಟೆಲುಗಳಲ್ಲಿ ತಿಂಡಿ ಶುರುವಾಗುವುದೇ ಎಂಟಕ್ಕೆ. ಹಕ್ಕಿಗಳ ಹೊತ್ತು ಅಷ್ಟರಲ್ಲಿ ಕಳೆದಿರುತ್ತದೆ.

ಆ ಕಾಟೇಜಿನ ಜಗಲಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಿನ್ನ ಮಗಳು ಅಲ್ಲಿಂದ ಏಳುವುದಿಲ್ಲ ಅನ್ನುವ ಖಾತ್ರಿ ನನಗಿದೆ. ರಾತ್ರಿ ಅಲ್ಲಿ ಒಂದೇ ಒಂದು ಮಂದ ಬಲ್ಬು ಉರಿಯುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಬಿಳಿ ಗೋಡೆಯ ತುಂಬ ಪತಂಗಗಳು. ಹಸಿರು, ಕಂದು, ಬೂದು, ಒಂದೊಂದರ ರೆಕ್ಕೆಯ ಮೇಲೂ ಬೇರೆ ಗೆರೆ. ಬೆಳಕು ಹರಿಯುತ್ತಿದ್ದ ಹಾಗೆ ಭೀಮರಾಜ ಹಕ್ಕಿ ಬರುತ್ತದೆ. ಬಾಲದ ತುದಿಯಲ್ಲಿ ಎರಡು ಉದ್ದ ಗರಿ ನೇತಾಡಿಸಿಕೊಂಡು, ಗೋಡೆಯಿಂದಲೇ ಪತಂಗ ಕಿತ್ತುಕೊಂಡು ಹೋಗುತ್ತದೆ. ಕುರ್ಚಿಯಿಂದ ಏಳದೆ ನೋಡಬಹುದು. ಅವ್ವನಿಗೂ ನಡೆಯುವ ಕಷ್ಟ ಇಲ್ಲ. ಹತ್ತಿರ ಹಣ್ಣು ಬಿಟ್ಟ ಆಲವೋ ಅತ್ತಿಯೋ ಇದ್ದರೆ ಮಂಗಟ್ಟೆಗಳು (ಹಾರ್ನ್‌ಬಿಲ್) ಬರುತ್ತವೆ. ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳಿಸುತ್ತದೆ. ಗೋವಾದ ರಾಜ್ಯಪಕ್ಷಿಯೂ, ಕೆಂಪು ಕೊರಳಿನ ಹಳದಿ ಪಿಕಳಾರ, ಇಂಥ ಮರಕ್ಕೇ ಬರುವುದು. ಪಕ್ಕದ ಮತ್ತಿ ಮರದಲ್ಲಿ ಕೆಂದಳಿಲು ಉದ್ದಕ್ಕೆ ಮಲಗಿರುತ್ತದೆ. ಮತ್ತಿ ಇಲ್ಲಿಯ ರಾಜ್ಯಮರ, ರಾಜ್ಯಪ್ರಾಣಿ ಕಾಟಿ, ಅಂದರೆ ಕಾಡುಕೋಣ. ಕಾಟಿ ಸಿಕ್ಕರೆ ಸಿಗುವುದು ಸಂಜೆ, ಮಣ್ಣುದಾರಿಯ ತಿರುವಿನಲ್ಲಿ. ಆಗ ಕಾರಿನಿಂದ ಇಳಿಯಬೇಡ.

ಅಲ್ಲಿಯ ಗೈಡ್ ಹುಡುಗರಿಗೆ ಕಪ್ಪೆಬಾಯಿ ಹಕ್ಕಿ ಹಗಲು ಕೂರುವ ಕೊಂಬೆ ಗೊತ್ತು. ಅವರು ಬೆರಳು ಮಾಡಿ ತೋರಿಸಿದರೂ ಅದು ಒಣಗಿದ ಎಲೆಯ ಹಾಗೇ ಕಾಣುತ್ತದೆ, ಕಣ್ಣು ಹೊಂದುವುದಕ್ಕೆ ಹೊತ್ತು ಬೇಕು. ಒಬ್ಬರನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೋ, ಚೌಕಾಸಿ ಮಾಡಬೇಡ. ವಾಪಸ್ ಬರುವಾಗ ಮಹಾದೇವನ ಗುಡಿಗೆ ಹೋಗಿ. ಗೋವಾ ಕದಂಬರ ಕಾಲದ್ದು, ಕಪ್ಪು ಕಲ್ಲಿನದ್ದು. ಸುತ್ತ ಕಾಡು, ಪಕ್ಕದಲ್ಲಿ ಹಳ್ಳ. ಬೆಳವಾಡಿ, ಹಳೇಬೀಡು ನೋಡಿದ ಕಣ್ಣಿಗೆ ಗುಡಿ ಚಿಕ್ಕದು ಅನ್ನಿಸಬಹುದು, ಆದರೆ ಒಳಗಿನ ಕಂಬಗಳ ಹತ್ತಿರ ಅವ್ವ ಒಂದಷ್ಟು ಹೊತ್ತು ಕೂತುಕೊಳ್ಳಲಿ.

ವೈನಿಗೆ ಮೊದಲೇ ಹೇಳಿಬಿಡು: ಬಚ್ಚಲಲ್ಲಿ ಮರಗಪ್ಪೆ ಇರುತ್ತದೆ. ಒಣ ದಿನಗಳಲ್ಲಿ ಅದಕ್ಕೆ ತೇವ ಸಿಗುವುದು ಅಲ್ಲೇ. ಅದು ಯಾರಿಗೂ ಏನೂ ಮಾಡುವುದಿಲ್ಲ. ಫಿನಾಯಿಲ್ ಸುರಿಯಬೇಡಿ, ಕಪ್ಪೆಯ ಚರ್ಮಕ್ಕೆ ಅದು ವಿಷ. ರಾತ್ರಿ ಹೊರಗೆ ಕಾಲಿಡುವಾಗ ಮಾತ್ರ ಟಾರ್ಚ್ ಮತ್ತು ಮುಚ್ಚಿದ ಚಪ್ಪಲಿ ಕಡ್ಡಾಯ. ಈ ಕಾಡಿನಲ್ಲಿ ಮಂಡಲದ ಜಾತಿಯ ಸಣ್ಣ ಹಾವುಗಳಿವೆ. ಒಣ ಎಲೆಯ ನಡುವೆ ಸುಮ್ನೆ ಬಿದ್ದಿರುತ್ತವೆ, ತುಳಿಯುವ ತನಕ ಅಲುಗಾಡುವುದಿಲ್ಲ. ಮಗಳ ಕೈ ಬಿಡಬೇಡ.

ಇಂಥ ಜಾಗಗಳಿಗೆ ಹೋಗು ಅಂತ ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. 2020ರ ಜನವರಿಯಲ್ಲಿ ಮಹದಾಯಿ ಅಭಯಾರಣ್ಯದಲ್ಲಿ ನಾಲ್ಕು ಹುಲಿಗಳು ವಿಷದಿಂದ ಸತ್ತವು. ಹುಲಿ ಅಲ್ಲಿಯ ಊರಿನವರ ದನ ಹಿಡಿದಿತ್ತು. 2023ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ, ಇಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಿಸಿ ಅಂತ ಸರಕಾರಕ್ಕೆ ಆದೇಶ ಕೊಟ್ಟಿತು. ಕೋರ್ಟಿನ ಕೆಲಸ ಕೋರ್ಟಿನದ್ದು. ಕಾಡಿನ ಅಂಚಿನ ಮನೆಗಳಿಗೆ ಕಾಡಿನಿಂದಲೇ ನಾಲ್ಕು ಕಾಸು ಬಂದರೆ ಹುಲಿಯ ಮೇಲಿನ ಸಿಟ್ಟು ಸ್ವಲ್ಪವಾದರೂ ಕಡಿಮೆ ಆಗುತ್ತದೆ ಅಂತ ನಾನು ನಂಬಿದ್ದೇನೆ. ನೀನು ಕೊಡುವ ಬಾಡಿಗೆ ಯಾರ ಮನೆಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು.

ಆಮೇಲೆ ಫೋಂಡಾ ಕಡೆ. ಸಾವೊಯ್ ವೆರೆಂ, ಕೇರಿ ಸುತ್ತ ಅಡಿಕೆ ತೋಟಗಳಿವೆ, ಇಲ್ಲಿಯವರು ಕುಳಾಗರ್ ಅನ್ನುತ್ತಾರೆ. ಅಡಿಕೆಗೆ ಹಬ್ಬಿದ ಮೆಣಸು, ನಡುವೆ ಜಾಯಿಕಾಯಿ, ಬಾಳೆ, ಹಲಸು. ನಮ್ಮ ಶಿರಸಿ ಕಡೆಯ ತೋಟ ನೋಡಿದವರಿಗೆ ಹೊಸದಲ್ಲ. ಕೆಲವು ಮನೆಯವರು ತೋಟದೊಳಗೇ ರೂಮು ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಬಿಸಿಲೇರಿದ ಮೇಲೆ ಅಡಿಕೆ ಮರದ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತಾ ಹೋಗಿ. ತೊಗಟೆಯ ಬಣ್ಣದ್ದೇ ಒಂದು ಓತಿ ಗಂಟಲ ಕೆಳಗಿನ ಹಳದಿ ಚರ್ಮ ಚಾಚಿ ಮಡಚುತ್ತಿರುತ್ತದೆ. ಅದೇ ಹಾರುವ ಓತಿ. ತಾಳ್ಮೆ ಇದ್ದರೆ ಒಂದು ಮರದಿಂದ ಇನ್ನೊಂದಕ್ಕೆ ತೇಲುವುದನ್ನೂ ನೋಡಬಹುದು. ದಟ್ಟ ಕಾಡಿಗಿಂತ ಇಂಥ ತೋಟದಲ್ಲೇ ಅದು ಕಣ್ಣಿಗೆ ಬೇಗ ಬೀಳುತ್ತದೆ. ರಾತ್ರಿ ಮಾಡಿನ ಮೇಲೆ ಓಡಾಟ ಕೇಳಿದರೆ ಪುನುಗು ಬೆಕ್ಕು ಇರಬಹುದು, ಹೆದರಬೇಡಿ. ಊಟದ್ದು ಚಿಂತೆ ಇಲ್ಲ. ಅವ್ವನಿಗೆ ಮೀನಿಲ್ಲದ ಅಡುಗೆ ಬೇಕು ಅಂತ ಮೊದಲೇ ಹೇಳಿದರೆ ಖತಖತೆ ಮಾಡಿ ಬಡಿಸುತ್ತಾರೆ, ಹಲವು ತರಕಾರಿ ಹಾಕಿ ಮಾಡುವುದು. ಜೊತೆಗೆ ಕುಡಿಯಲು ಕೋಕಂನ ಸೋಲ್ ಕಡಿ.

ಅಲ್ಲಿಂದ ಬೋಂಡ್ಲಾ ಹತ್ತಿರ. ಬರೀ 8 ಚದರ ಕಿಲೋಮೀಟರಿನ ಅಭಯಾರಣ್ಯ, ಒಳಗೆ ಸಣ್ಣ ಪ್ರಾಣಿ ಸಂಗ್ರಹಾಲಯ ಇದೆ. ಮಗಳಿಗೆ ಇಷ್ಟ ಆಗುತ್ತದೆ. ಅರಣ್ಯ ಇಲಾಖೆಯ ಕಾಟೇಜುಗಳೂ ಇವೆ. ಗುರುವಾರ ರಜೆ, ನೆನಪಿಟ್ಟುಕೋ.

ಪಣಜಿಯಲ್ಲಿ ಒಂದೇ ರಾತ್ರಿ ಸಾಕು. ಫೊಂತೈನ್ಯಸ್ ಓಣಿಯ ಹಳೆಯ ಪೋರ್ಚುಗೀಸ್ ಕಾಲದ ಮನೆಗಳು ಗೆಸ್ಟ್‌ಹೌಸ್ ಆಗಿವೆ, ವೈನಿಗೆ ಹಿಡಿಸುತ್ತವೆ. ನಾನು ಹೇಳುತ್ತಿರುವುದು ಮುಖ್ಯವಾಗಿ ರಾಯಬಂದರ್ ಫೆರ್ರಿಗೆ ಹತ್ತಿರ ಅಂತ. ಹೊಳೆಯಾಚೆ ಚೋರಾವ್ ದ್ವೀಪದಲ್ಲಿ ಸಲೀಂ ಅಲಿ ಪಕ್ಷಿಧಾಮ, 1.78 ಚದರ ಕಿಲೋಮೀಟರ್ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ದೋಣಿಯವರನ್ನು ಹಿಂದಿನ ದಿನವೇ ಕೇಳು, ಯಾಕೆಂದರೆ ನೀರಿನ ಉಬ್ಬರ ಇಲ್ಲದಿದ್ದರೆ ಒಳಗಿನ ಕಾಲುವೆಗೆ ದೋಣಿ ಹೋಗುವುದಿಲ್ಲ. ಕರಮಳಿ ಕೆರೆಯೂ ಅಲ್ಲೇ ಸಮೀಪ, ಚಳಿಗಾಲದಲ್ಲಿ ಬಾತುಗಳು ಸೇರುತ್ತವೆ. ಮೊಸಳೆ ಬೇಕು ಅಂದರೆ ಕುಂಭಾರ್ಜುವಾ ಕಾಲುವೆ.

ಕೊನೆಗೆ ದಕ್ಷಿಣಕ್ಕೆ, ಕಾಣಕೋಣ. ಅಲ್ಲಿ ಕೊಟಿಗಾವ್ ಅಭಯಾರಣ್ಯ ಇದೆ, ಮರದ ತುದಿಯಲ್ಲಿ 25 ಮೀಟರ್ ಎತ್ತರದ ಅಟ್ಟಣಿಗೆಯೂ ಇದೆ. ನೀನು ಹತ್ತು, ಉಳಿದವರು ಕೆಳಗೆ ಇರಲಿ. ಆದರೆ ರಾತ್ರಿ ಉಳಿಯುವುದು ಆಗೋಂದದ ದಂಡೆಯ ಗುಡಿಸಲಿನಲ್ಲಿ. ಬಿದಿರು, ತೆಂಗಿನ ಗರಿ, ಹಲಗೆಯಲ್ಲಿ ಪ್ರತಿ ವರ್ಷ ಮಳೆ ಹೋದ ಮೇಲೆ ಕಟ್ಟುತ್ತಾರೆ, ಮತ್ತೆ ಮಳೆ ಬರುವ ಮೊದಲು ಬಿಚ್ಚುತ್ತಾರೆ. ಬೀಚು ಸಾಕು ಅಂದವನಿಗೆ ಬೀಚೇ ಹೇಳುತ್ತಿದ್ದೇನೆ, ಯಾಕೆ ಅಂತ ಕೇಳು.

ಹೋದ ಚಳಿಗಾಲ ನಾನು ಉಳಿದಿದ್ದ ಜಾಗದ ವಾಚ್‌ಮನ್ ಗದಗ ಕಡೆಯವರು. ಊಟ ಆದ ಮೇಲೆ ಪ್ರತಿ ಗುಡಿಸಲಿನ ಬಾಗಿಲು ಬಡಿದು, ಹಿಂದಿಯಲ್ಲೋ ಕೊಂಕಣಿಯಲ್ಲೋ ಹೇಳುತ್ತಾ ಬರುತ್ತಿದ್ದರು. ನನ್ನ ಹತ್ತಿರ ಬಂದಾಗ ಕನ್ನಡ. "ಸರ, ಹೊರಗಿನ ಲೈಟ್ ಆರಸ್ರಿ. ಆಮಿ ದಂಡಿಗೆ ಬರೂ ಹೊತ್ತೈತಿ." ಮಾಲೀಕರು ಹೇಳಿದ್ದಾರಾ ಅಂತ ಕೇಳಿದೆ. "ಹೇಳ್ಯಾರ್ರಿ. ಹೇಳದಿದ್ರೂ ನಾ ಆರಸ್ತಿದ್ದೆ. ಪಾಪ, ಅಷ್ಟು ದೂರದಿಂದ ತತ್ತಿ ಇಡಾಕ ಬರ್ತೈತಿ" ಅಂದರು. ಅವತ್ತು ನಡುರಾತ್ರಿ ಅವರೇ ಬಂದು ಎಬ್ಬಿಸಿದರು. ಅರಣ್ಯ ಇಲಾಖೆಯ ಕಾವಲುಗಾರರು ನಮ್ಮನ್ನೆಲ್ಲ ದೂರದಲ್ಲೇ ನಿಲ್ಲಿಸಿದ್ದರು. ಕಡಲಾಮೆ ಹಿಂಗಾಲಿನಿಂದ ಮರಳು ತೋಡಿತು, ಮೊಟ್ಟೆ ಇಟ್ಟಿತು, ಮುಚ್ಚಿತು. ಆಮೇಲೆ ತನ್ನ ಮೈಯನ್ನೇ ಎತ್ತಿ ಎತ್ತಿ ಬಡಿದು ಮರಳು ಗಟ್ಟಿ ಮಾಡಿತು. ಆ ಸದ್ದು ನಾವು ನಿಂತಲ್ಲಿಗೂ ಕೇಳಿಸುತ್ತಿತ್ತು. ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ. ಮರಿ ಆಗಲು ಒಂದೂವರೆಯಿಂದ ಎರಡು ತಿಂಗಳು ಬೇಕು.

ಮರಿಗಳು ಮರಳಿನಿಂದ ಎದ್ದಾಗ ಬೆಳಕಿರುವ ಕಡೆಗೆ ಹೊರಡುತ್ತವೆ. ದಂಡೆ ಕತ್ತಲಾಗಿದ್ದರೆ ಕಡಲ ಮೇಲಿನ ಆಕಾಶವೇ ಜಾಸ್ತಿ ಬೆಳ್ಳಗಿರುತ್ತದೆ, ದಾರಿ ತಪ್ಪುವುದಿಲ್ಲ. ಹೋಟೆಲಿನ ದೀಪ ಉರಿಯುತ್ತಿದ್ದರೆ ಅವು ಉಲ್ಟಾ ದಿಕ್ಕಿಗೆ ಹೋಗಿ, ನಾಯಿ ಬಾಯಿಗೋ ಕಾಗೆ ಬಾಯಿಗೋ ಬೀಳುತ್ತವೆ. ಒಂದು ಗುಡಿಸಲಿನ ಒಂದು ಬಲ್ಬು ಇಷ್ಟು ಮಾಡುತ್ತದೆ ಬಸು. ಅದಕ್ಕೇ ರೂಮು ಬುಕ್ ಮಾಡುವಾಗ ಎಸಿ ಇದೆಯಾ ಅನ್ನುವ ಮೊದಲು, ರಾತ್ರಿ ಹೊರಗಿನ ಲೈಟು ಆರಿಸುತ್ತೀರಾ ಅಂತ ಕೇಳು. ಕೇಳುವವರು ಹೆಚ್ಚಾದರೆ ಆರಿಸುವವರೂ ಹೆಚ್ಚುತ್ತಾರೆ.

ಕಾಡಿನ ಹೆಸರು ಹೇಳಿಕೊಂಡೇ ನಡೆಯುವ ಒಂದು ದೊಡ್ಡ ರೆಸಾರ್ಟಿನಲ್ಲೂ ನಾನು ಉಳಿದಿದ್ದೇನೆ. ಹೆಸರು ಬೇಡ. ಈಜುಕೊಳದ ಸುತ್ತ ಹಗಲಿನಂಥ ದೀಪ, ಹನ್ನೊಂದರ ತನಕ ಹಾಡು, ಸಂಜೆ ಸೊಳ್ಳೆಗೆ ಅಂತ ಹೊಗೆ. ಹೊಗೆಗೆ ಸೊಳ್ಳೆ ಮಾತ್ರ ಸಾಯುವುದಿಲ್ಲ, ಪತಂಗ, ಜೀರುಂಡೆ ಎಲ್ಲವೂ ಸಾಯುತ್ತವೆ. ಹುಳ ಇಲ್ಲದ ಕಡೆ ಕಪ್ಪೆಗೆ, ಹಕ್ಕಿಗೆ ಏನು ಕೆಲಸ? ಹಾಸಿಗೆ ಮೆತ್ತಗಿತ್ತು, ಊಟ ಚೆನ್ನಾಗಿತ್ತು. ಬೆಳಿಗ್ಗೆ ಹುಲ್ಲುಹಾಸಿನ ಮೇಲೆ ಕಾಗೆ ಬಿಟ್ಟರೆ ಏನೂ ಇರಲಿಲ್ಲ. ಆ ಬೆಳಿಗ್ಗೆ ನನಗೆ ನಿಜವಾಗಿಯೂ ದುಃಖವಾಯಿತು. ಕಾಂಪೌಂಡಿನ ಆಚೆ ಅಷ್ಟು ಒಳ್ಳೆಯ ಕಾಡಿತ್ತು.

ಮಿಂಚುಹುಳು, ಮಳೆಗಾಲದ ಕಪ್ಪೆಗಳು, ಜೂನ್‌ನಲ್ಲಿ ಬರುವ ಪುಟ್ಟ ಬಣ್ಣದ ಮಿಂಚುಳ್ಳಿ, ಇವೆಲ್ಲ ಈ ಸಲ ಸಿಗುವುದಿಲ್ಲ. ಅದಕ್ಕೆ ಮಳೆ ಶುರುವಾಗುವಾಗ ನೀನೊಬ್ಬನೇ ಬಾ. ಇಂಬಳಕ್ಕೆ ಉಪ್ಪು ಮತ್ತು ಉದ್ದ ಕಾಲುಚೀಲ ನಾನು ತರುತ್ತೇನೆ.

ಈಗ ನೀನು ಮಾಡಬೇಕಾದ್ದು ಇಷ್ಟೇ. ಅವ್ವನ ಮಂಡಿ ನೋವು ಹೇಗಿದೆ ಬರೆ. ಆಗೋಂದದಲ್ಲಿ ಕೆಲವು ಗುಡಿಸಲುಗಳಿಗೆ ಏಣಿ ಹತ್ತಬೇಕು, ನೆಲಮಟ್ಟದ್ದು ಬೇಕಾದರೆ ಈಗಲೇ ಹೇಳಿಡಬೇಕು. ಬಚ್ಚಲು ರೂಮಿನೊಳಗೇ ಇರುವ ಕಾಟೇಜು ತಾಂಬ್ಡಿ ಸುರ್ಲಾದಲ್ಲಿ ನಾನೇ ಕೇಳಿ ಇಡುತ್ತೇನೆ. ಎಲ್ಲರ ಆಧಾರ್ ಕಾರ್ಡ್ ಇಟ್ಟುಕೋ. ತಾರೀಖು ಗಟ್ಟಿಯಾದ ಕೂಡಲೇ ತಿಳಿಸು, ಬೋಂಡ್ಲಾ ಗುರುವಾರ ಬೀಳದ ಹಾಗೆ ಹೊಂದಿಸುತ್ತೇನೆ. ನೀವು ಘಾಟ್ ಇಳಿಯುವ ದಿನ ನಾನು ಮೊಲ್ಲೆಮ್ ಚೆಕ್‌ಪೋಸ್ಟಿನ ಹತ್ತಿರ ನಿಂತಿರುತ್ತೇನೆ.

ನಿನ್ನ
ಶಿವು