ಮಹಾಜನ ವರದಿಯೂ ಒಂದನೇ ಕ್ಲಾಸಿನ ಮಗುವೂ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ಒಂದು ತಗಡಿನ ಪೆಟ್ಟಿಗೆ ಇದೆ. ಮಳೆ ಬಿಟ್ಟ ಮೇಲೆ ಮೊನ್ನೆ ಇಳಿಸಿ ಅಂಗಳದಲ್ಲಿ ಬಿಸಿಲಿಗೆ ಇಟ್ಟೆ. ತುಂಬಾ ಪೇಪರ್ ಕಟಿಂಗ್‌ಗಳು. ನಮ್ಮ ಕಾಸರಗೋಡಿನ ಗಡಿ ತಕರಾರಿನ ಮಹಾಜನ ವರದಿಯ ಬಗ್ಗೆ ಬಂದದ್ದನ್ನೆಲ್ಲ ಅಪ್ಪ ಕತ್ತರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಇಟ್ಟಿದ್ದರು. ಅರ್ಧ ಒರಲೆ ತಿಂದಿತ್ತು. ಮೊಮ್ಮಗಳು ಬಂದು ಒಂದು ತುಂಡು ಕೈಗೆತ್ತಿಕೊಂಡು, "ಅಜ್ಜಾ, ಇದ್ರಲ್ಲಿ ಏನು ಬರ್ದಿದೆ, ಓದಿ ಹೇಳಿ" ಎಂದಳು. ಅವಳಿಗೆ ಎಂಟು ವರ್ಷ. ಕನ್ನಡ ಓದಲಿಕ್ಕೆ ಬರುವುದಿಲ್ಲ. ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ಸೇರಿಸುವಾಗ ನಾನೂ ಬೇಡ ಅನ್ನಲಿಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದಾಗ ನನಗೆ ಒಂದು ವರ್ಷ. ಅಂದರೆ ಆ ದಿನದ್ದು ನನಗೆ ಏನೂ ನೆನಪಿಲ್ಲ. ಆದರೂ ಅದನ್ನೇ ನೆನಪು ಮಾಡ್ಕೊಂಡು ಎಪ್ಪತ್ತು ವರ್ಷ ಕಳೆದೆ ನೋಡಿ! ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗದ ವರದಿ ಬಂತು, ಅದು ಜಾರಿಯಾಗಲಿಲ್ಲ, ನಮಗೆ ಅನ್ಯಾಯವಾದದ್ದು ನಿಜ. ಇದನ್ನೇ ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ. ಕೇಳುವವರೂ ಅವರೇ, ಎಲ್ಲರದ್ದೂ ಬಿಳಿ ತಲೆ. ಭಾಷಣ ಮುಗಿದ ಮೇಲೆ ಅವಲಕ್ಕಿ, ಚಾಯ, ಮನೆ.

ಅತ್ತ ಒಂದು ಶಾಲೆಯ ಕನ್ನಡ ವಿಭಾಗಕ್ಕೆ ಕನ್ನಡವೇ ಬಾರದ ಮಾಸ್ಟ್ರು ಬಂದಾಗ ಗೇಟಿನ ಹತ್ತಿರ ಕೂತದ್ದು ನಾವಲ್ಲ. ಮೂವತ್ತು ಮೂವತ್ತೈದರ ತಾಯಂದಿರು, ಕೆಲವರು ಬೀಡಿ ಕಟ್ಟುವ ಕೆಲಸ ಬಿಟ್ಟು ಬಂದವರು. ಮಹಾಜನ ಅಂದ್ರೆ ಯಾರು ಅಂತಲೂ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಮಕ್ಕಳಿಗೆ ಕನ್ನಡ ಬರುವ ಮಾಸ್ಟ್ರು ಸಿಕ್ಕಿದ್ದು ಅವರಿಂದ.

ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಏಕೀಕರಣಕ್ಕೆ ಹೋರಾಡಿದರು, ಜೊತೆಗೇ ಮಾಸ್ಟ್ರಾಗಿ ಮಕ್ಕಳಿಗೆ ಪಾಠ ಹೇಳಿದರು, ತೋಟವನ್ನೂ ನೋಡಿಕೊಂಡರು. ನಾವು ಅವರಿಂದ ಭಾಷಣ ಒಂದನ್ನು ಮಾತ್ರ ಕಲಿತೆವು ಅಂತ ಈಗ ಅನಿಸ್ತದೆ.

ಇನ್ನೊಂದು ನಾಚಿಕೆಯ ಮಾತು. ಕೇರಳದ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು 1969ರ ಕಾನೂನಿನಲ್ಲೇ ಇದೆ. ನಾನು ಮಾತ್ರ ಇಷ್ಟು ವರ್ಷವೂ ಪಕ್ಕದ ಮನೆ ಹುಡುಗನ ಹತ್ತಿರ ಮಲಯಾಳದಲ್ಲಿ ಅರ್ಜಿ ಬರೆಸಿಕೊಂಡು ಹೋಗುತ್ತಿದ್ದೆ, ಸುಮ್ನೆ ಯಾಕೆ ರಗಳೆ ಅಂತ. ಕಳೆದ ತಿಂಗಳು ಮೊದಲ ಸಲ ಕನ್ನಡದಲ್ಲಿ ಬರೆದು ಕೊಟ್ಟೆ. ಗುಮಾಸ್ತರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಆಮೇಲೆ ಸೀಲು ಹಾಕಿ ತೆಗೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ. ಈ ವಾರ ಪುನಃ ಹೋಗುತ್ತೇನೆ.

ಮೊಮ್ಮಗಳಿಗೆ ಸಂಜೆ ಜಗಲಿಯಲ್ಲಿ ಕೂರಿಸಿ ಅಕ್ಷರ ಕಲಿಸುತ್ತಿದ್ದೇನೆ. 'ಠ' ಬರೆದರೆ ದೋಸೆಯ ಹಾಗೆ ಆಗ್ತದೆ, ಬರ್ಲಿ ಪರ್ವಾಗಿಲ್ಲ.

ಈ ನವೆಂಬರಿಗೂ ಭಾಷಣಕ್ಕೆ ಕರೆದಿದ್ದರು. ಬರುತ್ತೇನೆ, ಆದರೆ 1956ರ ಕತೆ ಬೇಡ, ಬರುವ ಜೂನಿಗೆ ನಿಮ್ಮ ನಿಮ್ಮ ಬೈಲಿನಲ್ಲಿ ಒಂದನೇ ಕ್ಲಾಸಿಗೆ ಸೇರುವ ಮಕ್ಕಳು ಎಷ್ಟು, ಅವರಲ್ಲಿ ಕನ್ನಡಕ್ಕೆ ಎಷ್ಟು, ಎಲ್ಲರೂ ಬರೆದುಕೊಂಡು ಬನ್ನಿ ಎಂದೆ. ಆಮೇಲೆ ಅವರ ಫೋನ್ ಬಂದಿಲ್ಲ.

— ಒಬ್ಬ ಓದುಗ, ಬದಿಯಡ್ಕ