ಬೆಟ್ಟ ಯಾರದು ಅಂತ ಕೇಳಿದೆಯಲ್ಲ

ಪ್ರೀತಿಯ ಕೂಸೇ,

ಭಾನುವಾರ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಮೇಲಿನ ಮನೆಯವರು ಜೆಸಿಬಿ ತರಿಸಿ ಸೊಪ್ಪಿನ ಬೆಟ್ಟ ಸಪಾಟು ಮಾಡಿ ಅಡಿಕೆ ಹಾಕುತ್ತಾರಂತೆ ಅಂತ ನಾನು ಬೇಜಾರು ಮಾಡಿಕೊಂಡೆ. ನೀನು, "ಬೆಟ್ಟ ಸರ್ಕಾರದ್ದು, ಕಡಿಯೋರು ಅವರು, ನಿಂಗ್ಯಾಕಪ್ಪ ತಲೆಬಿಸಿ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ.

ನೆಲ ಸರ್ಕಾರದ್ದು, ಅದು ಹೌದು. ಬ್ರಿಟಿಷರ ಕಾಲದಿಂದ ನಮ್ಮ ಉತ್ತರ ಕನ್ನಡದ ಕಡೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಸೊಪ್ಪು ಕಡಿಯಬಹುದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಬಹುದು, ದನ ಮೇಯಿಸಬಹುದು. ಮಾರುವ ಹಾಗಿಲ್ಲ. ನಮ್ಮದಲ್ಲದ ಬೆಟ್ಟದ ಸೊಪ್ಪೇ ಕೊಟ್ಟಿಗೆಗೆ ಬಿದ್ದು, ಗೊಬ್ಬರವಾಗಿ, ನಮ್ಮ ತೋಟದ ಮರದ ಬುಡಕ್ಕೆ ಹೋಗಿದೆ. ನಿನ್ನ ಕಾಲೇಜು ಫೀಸು ಬಂದಿದ್ದೂ ಅದೇ ತೋಟದಿಂದ, ಅಲ್ವಾ?

ನಿನಗೆ ಇದುವರೆಗೆ ಹೇಳದ ಒಂದು ವಿಷಯ ಇದೆ. ನೀನು ಹುಟ್ಟುವ ಮೊದಲಿನದು. ಅಡಿಕೆಗೆ ಒಳ್ಳೆ ರೇಟು ಬಂದಿತ್ತು. ತೋಟಕ್ಕೆ ಜಾಸ್ತಿ ಗೊಬ್ಬರ ಹಾಕಬೇಕು ಅಂತ ಎರಡು ವರ್ಷ ಬೆಟ್ಟದ ಒಂದೇ ಮಗ್ಗುಲನ್ನು ಬೋಳಿಸಿದೆ. ಮತ್ತಿ, ಹೊನ್ನೆ ಯಾವುದನ್ನೂ ಬಿಡಲಿಲ್ಲ. ತುದಿಯ ಸೊಪ್ಪು ಮುಟ್ಟಬಾರದು ಅಂತ ನನ್ನ ಅಪ್ಪ ಹೇಳಿಕೊಟ್ಟಿದ್ದರು, ಅದನ್ನೂ ಕಡಿದೆ. ದರಕನ್ನು ಒಂದೆಲೆ ಉಳಿಯದ ಹಾಗೆ ಗುಡಿಸಿ ತಂದೆ. ಮಳೆಗಾಲದಲ್ಲಿ ಆ ಮಗ್ಗುಲಿಂದ ನೀರು ಕೆಂಪಗೆ ಹರಿದು ಬಂತು. ದರಕು ಇದ್ದಿದ್ದರೆ ಅದೇ ಮಳೆ ನಿಧಾನಕ್ಕೆ ಇಂಗುತ್ತಿತ್ತು.

ಮೂರನೇ ವರ್ಷ ಕೆಳಗಿನ ಮನೆಯ ಅಬ್ಬಿ, ಅಂದರೆ ಬೆಟ್ಟದಿಂದ ಹರಿದು ಬರುವ ಒರತೆ ನೀರು, ಸಂಕ್ರಾಂತಿಗೆ ಮೊದಲೇ ನಿಂತುಹೋಯಿತು. ನೀರು ಹರಿಸಲು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯ ತುದಿಯಲ್ಲಿ ಒಂದೊಂದೇ ಹನಿ ಬೀಳುತ್ತಿತ್ತು, ಆಮೇಲೆ ಅದೂ ಇಲ್ಲ. ಆ ಮನೆಯ ಅತ್ತಿಗೆ ಕೊಡ ಹಿಡಿದು ನಮ್ಮ ಬಾವಿಗೆ ಬಂದರು. "ಈ ಸಲ ಮಳೆ ಸಾಲಲಿಲ್ಲ ಕಾಣ್ತದೆ" ಅಂದರು, ಅಷ್ಟೇ. ನನಗೆ ಕಾರಣ ಗೊತ್ತಿತ್ತು. ಹೇಳುವ ಧೈರ್ಯ ಆಗಲಿಲ್ಲ. ಆ ಬೇಸಿಗೆಯಿಡೀ ಅವರು ಏರು ಹತ್ತಿ ಬರುವುದನ್ನು ಜಗಲಿಯಲ್ಲಿ ಕೂತು ನೋಡಿದೆ.

ನೋಡಲಾಗದೆ ಕೊನೆಗೊಂದು ದಿನ ನಿನ್ನ ಅಜ್ಜಿಯ ಹತ್ತಿರ ಎಲ್ಲ ಹೇಳಿಕೊಂಡೆ. ಅವಳು ಬೈಯಲಿಲ್ಲ. "ಸಾಲ್ಕಣಿಗೆ ಹೋದ ದಿನ ನೆನಪಿದೆಯೇನೋ?" ಅಂದಳು. ನೆನಪಿತ್ತು. 1983ರ ಸೆಪ್ಟೆಂಬರ್, ನಾನು ಒಂಬತ್ತು ವರ್ಷದ ಹುಡುಗ. ಶಿರಸಿ ತಾಲೂಕಿನ ಆ ಊರಿನ ಹತ್ತಿರದ ಕಳಸೆ ಕಾಡಿನಲ್ಲಿ ಮರ ಕಡಿಯಲು ಆಳುಗಳು ಬಂದಿದ್ದರು. ಊರವರೆಲ್ಲ ಹೋಗಿ ಮರಗಳನ್ನು ತಬ್ಬಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. 38 ದಿನ ನಡೆಯಿತು, ಕಡಿತ ನಿಂತಿತು. ಅಜ್ಜಿ ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅವಲಕ್ಕಿ ಕಟ್ಟಿಕೊಂಡಿದ್ದಳು. ಮಳೆ ಜಿನುಗುತ್ತಿತ್ತು, ಕಾಲಿಗೆಲ್ಲ ರಕ್ತ ಹೀರುವ ಉಂಬಳ. ನನ್ನ ಕೈ ಮರದ ಸುತ್ತ ಅರ್ಧಕ್ಕೂ ಮುಟ್ಟಲಿಲ್ಲ. ಉಳಿದದ್ದನ್ನು ಅಜ್ಜಿಯ ಕೈ ಮುಟ್ಟಿತು. ತೊಗಟೆ ಒದ್ದೆಯಾಗಿ ತಣ್ಣಗಿತ್ತು, ಕೆನ್ನೆಗೆ ತಾಗಿದ್ದು ಈಗಲೂ ನೆನಪಿದೆ.

ಆ ಕಾಡೂ ಸರ್ಕಾರದ್ದೇ, ಕೂಸೇ. ಅಲ್ಲಿ ನಿಂತವರ ಹೆಸರಿನಲ್ಲಿ ಒಂದು ಮರವೂ ಇರಲಿಲ್ಲ. ಅವರೂ ಕಾಡು ಬಳಸುವವರೇ, ಸೊಪ್ಪು ಸೌದೆ ತರುವವರೇ. ಅದಕ್ಕೇ ಚಳವಳಿಯ ಘೋಷಣೆ 'ಉಳಿಸು, ಬೆಳೆಸು, ಬಳಸು' ಅಂತ ಇತ್ತು. ನನಗೆ ಆ ಮಾತು ಇಷ್ಟವಾಗುವುದು ಅದರಲ್ಲಿ 'ಬಳಸು' ಇರುವುದಕ್ಕೆ. ಕಾಡನ್ನು ಮುಟ್ಟಲೇಬೇಡ ಅಂದರೆ ಮಲೆನಾಡಿನವರ ಬದುಕು ನಡೆಯುವುದಿಲ್ಲ. ನಾನು ಮಾಡಿದ ತಪ್ಪು ಬಳಸಿದ್ದಲ್ಲ. ಕೆಳಗಿನವರಿಗೆ ನೀರು, ಮುಂದಿನವರಿಗೆ ಮರ ಉಳಿಯುತ್ತದೆಯೇ ಅಂತ ನೋಡದೆ ಬಳಸಿದ್ದು.

ಆಮೇಲೆ ಆ ಮಗ್ಗುಲಿಗೆ ಕತ್ತಿ ಹಾಕಲಿಲ್ಲ. ಇಂಗುಗುಂಡಿ ತೋಡಿಸಿದೆ. ನೇರಳೆ, ಹಲಸು, ಮುರುಗಲು ನೆಟ್ಟೆ. ಎಷ್ಟೋ ಸಸಿಗಳು ಒಣಗಿದವು, ಮತ್ತೆ ನೆಟ್ಟೆ. ಅಬ್ಬಿಗೆ ಮೊದಲಿನ ಹಾಗೆ ನೀರು ಬರಲು ಎಂಟು ವರ್ಷ ಬೇಕಾಯಿತು. ಎರಡು ವರ್ಷದಲ್ಲಿ ಕೆಡಿಸಿದ್ದಕ್ಕೆ ಎಂಟು ವರ್ಷ! ಅದೂ ಬೇರುಗಳು ನೆಲದಲ್ಲಿ ಉಳಿದಿದ್ದವು ಅಂತ. ಜೆಸಿಬಿ ಬಂದರೆ ಬೇರೂ ಇಲ್ಲ, ಮೇಲ್ಮಣ್ಣೂ ಇಲ್ಲ.

ನಿನ್ನೆ ಮೇಲಿನ ಮನೆಗೆ ಮತ್ತೆ ಹೋಗಿದ್ದೆ. ಜಗಳಕ್ಕಲ್ಲ. ಈ ಕತೆಯನ್ನೇ ಅವನಿಗೂ ಹೇಳಿದೆ, ನನ್ನ ತಪ್ಪು ಸೇರಿಸಿ. ಅವನಿಗೂ ಸಾಲ ಇದೆ, ಮಕ್ಕಳ ಓದು ಇದೆ. ಸುಮ್ನೆ ಬೇಡ ಅಂದರೆ ಆಗುವುದಿಲ್ಲ. ಇರುವ ತೋಟದಲ್ಲೇ ಕಾಳುಮೆಣಸಿನ ಬಳ್ಳಿ ಹಬ್ಬಿಸು, ಬಳ್ಳಿ ನಾನು ಕೊಡ್ತೇನೆ ಅಂದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಚಹಾ ಕುಡಿಸಿ ಕಳಿಸಿದ. ಈ ವಾರ ಮತ್ತೊಮ್ಮೆ ಹೋಗುತ್ತೇನೆ.

ಶಿವರಾತ್ರಿ ಕಳೆದು ಹತ್ತು ದಿನವಾಯಿತು. ಕೆಳಗಿನ ಮನೆಯ ದಬ್ಬೆಯಲ್ಲಿ ಇನ್ನೂ ಹೆಬ್ಬೆರಳಿನಷ್ಟು ದಪ್ಪ ನೀರು ಬೀಳುತ್ತಿದೆ. ಯುಗಾದಿಗೆ ಬಂದಾಗ ಇಬ್ಬರೂ ಹೋಗಿ ನೋಡೋಣ.

ನಿನ್ನ ಅಪ್ಪ