ಮೇಲಿನ ಕೇರಿ, ಕೆಳಗಿನ ಕೇರಿ: ಲಾ ಪಾಸ್‌ನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಲ್ಲಿ ಉಸಿರಾಡುವುದು ನಿಜಕ್ಕೂ ಅಷ್ಟು ಕಷ್ಟವೇನಮ್ಮ ಎಂದು ಕೇಳಿದ್ದೆಯಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಕಷ್ಟವೇ. ಬೊಲಿವಿಯಾದ ಈ ಲಾ ಪಾಸ್ ನಗರದ ನಡುಭಾಗ ಸಮುದ್ರ ಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೂ 2,000 ಮೀಟರ್ ಮುಟ್ಟುವುದಿಲ್ಲ ಎಂದರೆ ಲೆಕ್ಕ ಹಾಕು. ವಿಮಾನ ಇಳಿಯುವುದಂತೂ ಇನ್ನೂ ಮೇಲೆ, 4,000 ಮೀಟರ್ ದಾಟಿದ ಪಕ್ಕದ ಊರು ಎಲ್ ಆಲ್ಟೊದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಕರಾವಳಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲಷ್ಟೇ ಸಿಗುತ್ತದೆ. ಮೊದಲ ರಾತ್ರಿ ತಲೆ ಸಿಡಿಯುತ್ತಿತ್ತು, ನಿದ್ದೆ ಹತ್ತಲಿಲ್ಲ. ವಸತಿಗೃಹದ ಯಜಮಾನಿ ಬಿಸಿನೀರಿಗೆ ಕೋಕಾ ಎಲೆ ಹಾಕಿ ತಂದುಕೊಟ್ಟರು. ಇಲ್ಲಿ ಅದು ಮನೆಮನೆಯ ಕಷಾಯ. ಮಾರನೆಯ ದಿನ ನಿಧಾನವಾಗಿ ನಡೆದಾಡಿದೆ, ಆಮೇಲೆ ಒಗ್ಗಿಕೊಂಡಿತು. ಅಪ್ಪನಿಗೂ ಹೇಳು, ಗಾಬರಿಯಾಗುವುದು ಬೇಡ.

ವಾಸ್ತುಶಿಲ್ಪ ಓದುತ್ತಿರುವ ನೀನು ಈ ಊರನ್ನು ನೋಡಲೇಬೇಕು ಎಂದು ಬಂದ ಗಳಿಗೆಯಿಂದ ಅನಿಸುತ್ತಿದೆ. ಲಾ ಪಾಸ್ ಇರುವುದು ಆಳವಾದ ಕಣಿವೆಯಲ್ಲಿ. ಕೆಳಗಿಳಿದಷ್ಟೂ ಚಳಿ ಕಡಿಮೆ, ಉಸಿರಾಟ ಹಗುರ, ಜಾಗದ ಬೆಲೆ ದುಬಾರಿ. ಹಾಗಾಗಿ ಉಳ್ಳವರು ತಗ್ಗಿನಲ್ಲಿ, ಇಲ್ಲದವರು ಏರಿನಲ್ಲಿ. ಕಣಿವೆಯ ಅಂಚಿನಾಚೆ ಮೇಲಿನ ಬಯಲಿನಲ್ಲಿ ಹರಡಿಕೊಂಡಿರುವ ಎಲ್ ಆಲ್ಟೊ ಬಹುಪಾಲು ಐಮಾರಾ ಎಂಬ ಮೂಲನಿವಾಸಿ ಜನರ ಊರು. 1985ರಲ್ಲಿ ತವರದ ಬೆಲೆ ಕುಸಿದು ಸರ್ಕಾರಿ ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಕುಟುಂಬಗಳು ಇಲ್ಲಿಗೆ ಬಂದು ಗೂಡು ಕಟ್ಟಿಕೊಂಡವು. ಇಂದು ಜನಸಂಖ್ಯೆಯಲ್ಲಿ ಅದು ಲಾ ಪಾಸ್ ಅನ್ನೇ ಮೀರಿಸಿದೆ. ಮೇಲಿನವರು ಕೆಳಗಿನವರ ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಇಳಿಯಬೇಕಾದರೆ ತುಂಬಿ ತುಳುಕುವ ಮಿನಿ ಬಸ್ಸುಗಳಲ್ಲಿ ಸುತ್ತುದಾರಿ ಹಿಡಿದು ಬರಬೇಕಿತ್ತು.

2014ರಲ್ಲಿ ಹಗ್ಗದ ಮೇಲೆ ತೂಗುವ ರೈಲು ಬಂತು. ಹಾಗೆಂದೇ ಕರೆಯುತ್ತೇನೆ, ಏಕೆಂದರೆ ಇದೂ ಕೇಬಲ್ ಕಾರೇ ಆದರೂ ಊರಿನವರ ದಿನನಿತ್ಯದ ಓಡಾಟಕ್ಕೆ ಇರುವಂಥದ್ದು, ಪ್ರವಾಸಿಗರಿಗಾಗಿ ಬೆಟ್ಟಕ್ಕೆ ಹಾಕುವುದಕ್ಕೂ ಇದಕ್ಕೂ ಬಹಳ ಅಂತರ. ಮೊದಲು ಕೆಂಪು, ಹಳದಿ, ಹಸಿರು ಮಾರ್ಗಗಳು, ಬೊಲಿವಿಯಾದ ಬಾವುಟದ ಬಣ್ಣಗಳು. ಈಗ ಒಟ್ಟು ಹತ್ತು. ಹತ್ತು ಮಂದಿ ಎದುರುಬದುರು ಕೂರುವ ಪೆಟ್ಟಿಗೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ, ಕಾಯುವ ಮಾತೇ ಇಲ್ಲ. ಕೆಂಪು ಮಾರ್ಗದಲ್ಲಿ ಊರಿನ ದೊಡ್ಡ ಸ್ಮಶಾನದ ಮೇಲೆ ಹಾದು, ಗಿಲಾವು ಕಾಣದ ಇಟ್ಟಿಗೆ ಮನೆಗಳ ತಾರಸಿಗಳನ್ನು ದಾಟಿ, ಹತ್ತು ನಿಮಿಷದ ಆಸುಪಾಸಿನಲ್ಲಿ ಎಲ್ ಆಲ್ಟೊ ತಲುಪಬಹುದು. ಆಕಾಶ ತಿಳಿಯಾಗಿದ್ದರೆ 6,400 ಮೀಟರಿಗೂ ಎತ್ತರದ ಇಲ್ಲಿಮಾನಿ ಪರ್ವತ ಹಿಮ ಹೊದ್ದು ನಿಂತಿರುವುದು ಕಾಣುತ್ತದೆ.

ಒಳಗೆ ಬಂದವರೆಲ್ಲ ಕೂತಿದ್ದವರಿಗೆ ನಮಸ್ಕಾರ ಹೇಳುತ್ತಾರೆ. ಯಾರು ಯಾರಿಗೆ ಎಂಬ ಭೇದವಿಲ್ಲ. ನನ್ನ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಬೆನ್ನಿನ ಬಣ್ಣದ ಪಟ್ಟೆಯ ಗಂಟನ್ನು ಇಳಿಸಿ ಬಿಚ್ಚಿದರು. ನಾನು ಇಣುಕಿದ್ದನ್ನು ಕಂಡು ನನ್ನ ಅಂಗೈಗೆ ನಾಲ್ಕಾರು ಕರಿಯ ಉಂಡೆಗಳನ್ನು ಸುರಿದರು. ಒಣಗಿದ ಅಣಲೆಕಾಯಿಯಂತೆ ಸುಕ್ಕುಗಟ್ಟಿದ್ದವು, ತೂಕವೇ ಇರಲಿಲ್ಲ. ಅದು ಚುನ್ಯೊ, ಅಂದರೆ ಆಲೂಗಡ್ಡೆ! ಜೂನ್, ಜುಲೈನ ಕೊರೆಯುವ ರಾತ್ರಿಗಳಲ್ಲಿ ಬಯಲಿನಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಿಗೆ ಕರಗಿದಾಗ ಬರಿಗಾಲಿನಲ್ಲಿ ತುಳಿದು ನೀರು ಹಿಂಡಿ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಹಾಸನದ ರೈತರು ಬೆಳೆಯುವ ಆಲೂಗಡ್ಡೆಯ ಮೂಲ ಈ ಆಂಡೀಸ್ ಸೀಮೆಯೇ ಅಲ್ಲವೇ? ಪೆಟ್ಟಿಗೆ ನಿಂತಾಗ ಎದುರಿಗಿದ್ದ ಸೂಟುಧಾರಿ ಯುವಕ ಎದ್ದು ಅಜ್ಜಿಯ ಗಂಟನ್ನು ಬೆನ್ನಿಗೇರಿಸಿದ.

ಆ ಅಜ್ಜಿ ಉಟ್ಟಿದ್ದು ಪೊಯೆರಾ. ನೆರಿಗೆ ನೆರಿಗೆಯಾಗಿ ಹರಡಿಕೊಳ್ಳುವ ಲಂಗ, ಜೊತೆಗೆ ಕುಚ್ಚು ಬಿಟ್ಟ ಶಾಲು, ಎರಡು ಜಡೆ, ತಲೆಯ ಮೇಲೆ ಓರೆಯಾಗಿ ಕೂತ ಗುಂಡು ಟೋಪಿ. ಈ ಉಡುಪಿನ ಹೆಂಗಸರನ್ನು ಒಳ್ಳೆಯ ಹೋಟೆಲುಗಳಿಗೆ ಬಿಟ್ಟುಕೊಳ್ಳದಿದ್ದ ಕಾಲ ಇನ್ನೂ ಇಲ್ಲಿಯವರ ನೆನಪಿನಲ್ಲಿದೆ. ಕೇಳಿದಾಗ ನನ್ನ ಹೊಟ್ಟೆ ಉರಿಯಿತು. ಉಡುಗೆ ನೋಡಿ ಬಾಗಿಲು ಮುಚ್ಚುವವರನ್ನು ನಾನೂ ಕಂಡವಳೇ. 1989ರಲ್ಲಿ ರೆಮೆದಿಯೊಸ್ ಲೋಸಾ ಎಂಬ ಪ್ರಸಾರಕಿ ಇದೇ ಪೊಯೆರಾದಲ್ಲಿ ಸಂಸತ್ತಿಗೆ ಆಯ್ಕೆಯಾದರು. ಹಾಗೆ ಬಂದವರಲ್ಲಿ ಅವರೇ ಮೊದಲಿಗರು. ಈಗ ಅದನ್ನುಟ್ಟು ಕಚೇರಿಗೆ, ಬ್ಯಾಂಕಿಗೆ, ವಿಶ್ವವಿದ್ಯಾಲಯಕ್ಕೆ ಹೋಗುವವರಿದ್ದಾರೆ, ಹಿಮಪರ್ವತ ಹತ್ತುವವರೂ ಇದ್ದಾರೆ. ಅವರು ಉಡುಪು ಬಿಟ್ಟುಕೊಡಲಿಲ್ಲ, ಬಾಗಿಲೇ ತೆರೆದುಕೊಂಡಿತು. ಇದು ನನಗೆ ಬಹಳ ದೊಡ್ಡದಾಗಿ ಕಂಡಿತು ಪುಟ್ಟಿ.

ಸಂತೆಯ ಮಾತು ಬರೆಯಹೊರಟರೆ ಇನ್ನೊಂದು ಪತ್ರವೇ ಬೇಕು. ಕೊಸರು ಕೇಳುವುದು ಅಲ್ಲೂ ಇದೆ, ನಗುತ್ತಲೇ ಹಾಕಿಕೊಡುತ್ತಾರೆ.

ನಿನಗೆ ಮುಖ್ಯವಾದದ್ದು ಇಲ್ಲಿಯ ವಾಸ್ತುಶಿಲ್ಪಿ ಫ್ರೆಡ್ಡಿ ಮಮಾನಿಯ ಕಟ್ಟಡಗಳು. ಐಮಾರಾ ಮನೆತನದ ಅವರು ಗಾರೆ ಕೆಲಸದಿಂದ ಶುರುಮಾಡಿದವರು. ಇಟ್ಟಿಗೆಯ ಬಣ್ಣವೇ ತುಂಬಿದ ಎಲ್ ಆಲ್ಟೊದ ಬೀದಿಗಳಲ್ಲಿ ಅವರ ಕಟ್ಟಡಗಳು ಕಿತ್ತಳೆ, ಹಸಿರು, ನೇರಳೆ ಬಣ್ಣಗಳಲ್ಲಿ ಎದ್ದು ನಿಲ್ಲುತ್ತವೆ. ನೆಲಮಹಡಿಯಲ್ಲಿ ಅಂಗಡಿ, ಅದರ ಮೇಲೆ ಮದುವೆ ಮುಂಜಿಗಳ ಹಾಗೆ ಜನ ಸೇರಿ ಕುಣಿಯುವ ಭಾರಿ ಸಭಾಂಗಣ, ಅದರ ಮೇಲೆ ಬಾಡಿಗೆ ಮನೆಗಳು, ಎಲ್ಲಕ್ಕಿಂತ ಮೇಲೆ ಯಜಮಾನರ ಸ್ವಂತ ಮನೆ. ಗೋಡೆಯ ವಿನ್ಯಾಸಗಳಿಗೆ ತಿವನಾಕು ಎಂಬ ಪುರಾತನ ನಗರದ ಅವಶೇಷಗಳ ಕೆತ್ತನೆ ಮತ್ತು ಹೆಂಗಸರ ನೇಯ್ಗೆಯ ಪಟ್ಟೆಗಳೇ ಆಧಾರ. ಇದು ಅತಿಯಾಯಿತು ಎನ್ನುವ ಪಂಡಿತರೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ, ವ್ಯಾಪಾರದಲ್ಲಿ ದುಡಿದು ಮೇಲೆ ಬಂದ ಜನ ತಗ್ಗಿನ ಕೇರಿಯ ಗಾಜಿನ ಮನೆಗಳನ್ನು ನಕಲು ಮಾಡದೆ ತಮ್ಮದೇ ಒಂದು ಚೆಲುವನ್ನು ಕಟ್ಟಿಸಿಕೊಂಡಿದ್ದಾರೆ.

ಬರುವುದಾದರೆ ನೇರವಾಗಿ ಇಲ್ಲಿಗೆ ಇಳಿಯಬೇಡ. ಸುಮಾರು 2,500 ಮೀಟರ್ ಎತ್ತರದ ಕೊಚಬಂಬಾದಲ್ಲಿ ಕೆಲವು ದಿನ ಇದ್ದು ಮೈಯನ್ನು ಒಗ್ಗಿಸಿಕೊಂಡು ಬಾ. ಎಲ್ ಆಲ್ಟೊದ ದೊಡ್ಡ ಸಂತೆ ಗುರುವಾರ ಮತ್ತು ಭಾನುವಾರ. ಮಮಾನಿಯ ಕಟ್ಟಡಗಳ ಚಿತ್ರಗಳನ್ನು ಮೊಬೈಲ್‌ಗೆ ಕಳುಹಿಸಿದ್ದೇನೆ. ನಿಮ್ಮ ಮೇಷ್ಟರಿಗೆ ತೋರಿಸು, ಅವರು ಏನೆಂದರು ಎಂದು ಮರೆಯದೆ ಬರೆ.

ನಿನ್ನ,
ಅಮ್ಮ